ಕುಡಿತ ಬಿಟ್ಟವರ ಮೊದಲ ವಾರ



ತಪಸ್ಸು ಕಾಲದಲ್ಲೋ ಹೊಸ ವರ್ಷದ ರಾತ್ರಿ ಪೂಜೆಯಲ್ಲೋ ನಮ್ಮವರಲ್ಲಿ ಯಾರಾದರೊಬ್ಬರು ಪೀಠದ ಮುಂದೆ ನಿಂತು ‘ಇನ್ನು ಮುಟ್ಟುವುದಿಲ್ಲ’ ಎಂದು ಹೇಳುತ್ತಾರೆ. ಫಾದರ್ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ನಾವೆಲ್ಲ ಸ್ತೋತ್ರ ಹೇಳಿ ಮನೆಗೆ ಹೋಗುತ್ತೇವೆ. ನಾನು ಕೇಳುವುದು ಮರುದಿನದ ವಿಚಾರ. ಮರುದಿನ ಮುಂಜಾನೆ ಅವರ ಮನೆಗೆ ಯಾರು ಹೋಗುತ್ತಾರೆ?

ಪ್ರತಿಜ್ಞೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಅದಾದ ಮೊದಲ ವಾರದಲ್ಲಿ ಆ ವ್ಯಕ್ತಿಗೆ ಉಪದೇಶಕ್ಕಿಂತ ಡಾಕ್ಟರ್ ಮತ್ತು ಜೊತೆಗಾರರು ಹೆಚ್ಚು ಬೇಕು. ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಕಡೆ ಆ ಜೊತೆ ಕೊಡಬಲ್ಲವರು ಯುವಜನರೇ.

ಹಲವು ವರ್ಷ ದಿನವೂ ಕುಡಿದ ದೇಹಕ್ಕೆ ಮದ್ಯ ಅಭ್ಯಾಸವಾಗಿರುತ್ತದೆ. ಒಮ್ಮೆಗೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈ ನಡುಗುತ್ತದೆ, ಮೈ ಬೆವರುತ್ತದೆ, ವಾಂತಿ ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಬುದ್ಧಿ ಕದಡುತ್ತದೆ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ. ನಮ್ಮ ಊರುಗಳಲ್ಲಿ ಇದನ್ನು ಕಂಡವರು ‘ಗಾಳಿ ಬಡಿದಿದೆ’ ಎನ್ನುತ್ತಾರೆ, ರಾತ್ರಿಯಿಡೀ ಪ್ರಾರ್ಥನೆಗೆ ಕೂಡಿಸುತ್ತಾರೆ. ಇದು ಗಾಳಿಯಲ್ಲ, ಕಾಯಿಲೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಆಸ್ಪತ್ರೆಯಲ್ಲಿ ಇದಕ್ಕೆ ಸರಿಯಾದ ಮಾತ್ರೆ ಇದೆ, ಬಿ1 ವಿಟಮಿನ್ ಇಂಜೆಕ್ಷನ್ ಇದೆ. ಪ್ರಾರ್ಥನೆ ಮಾಡೋಣ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಾಡೋಣ. ವೈದ್ಯನನ್ನು ಗೌರವಿಸಬೇಕು, ಅವನನ್ನೂ ದೇವರೇ ಕೊಟ್ಟಿದ್ದಾನೆ ಎಂಬುದು ಸಿರಾಖನ ಗ್ರಂಥದ 38ನೇ ಅಧ್ಯಾಯದ ಬೋಧನೆಯೇ.

ನಮ್ಮ ಕಡೆ ಇನ್ನೊಂದು ತೊಡಕಿದೆ. ‘ನಾ ಸಾರಾಯಿ ಮುಟ್ಟಂಗಿಲ್ಲ, ಬರೇ ಕಳ್ಳು’ ಎನ್ನುವವರು ಬಹಳ. ತೆಲಂಗಾಣದ ಕಳ್ಳು ಕಾಂಪೌಂಡುಗಳಲ್ಲಿ ಮಾರುವ ಕಳ್ಳಿನಲ್ಲಿ ಆಲ್ಪ್ರಜೋಲಮ್, ಡೈಜೆಪಮ್, ಕ್ಲೋರಲ್ ಹೈಡ್ರೇಟ್‌ನಂಥ ನಿದ್ದೆಯ ಔಷಧ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಅದನ್ನು ದಿನವೂ ಕುಡಿದವರು ದಿಢೀರನೆ ಬಿಟ್ಟರೆ ಆ ಔಷಧಗಳ ಚಟವೂ ಕಾಡುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಅಂಗಡಿ, ಕಾಂಪೌಂಡು ಎಲ್ಲ ಮುಚ್ಚಿದಾಗ ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯ ಮುಂದೆ ಇಂಥವರ ಸಾಲು ನಿಂತಿತ್ತು. ಅವರಲ್ಲಿ ಯಾರೂ ಪ್ರತಿಜ್ಞೆ ಮಾಡಿದವರಲ್ಲ, ಸಿಗದೆ ಬಿಟ್ಟವರು. ದೇಹಕ್ಕೆ ಎರಡೂ ಒಂದೇ. ಆದ್ದರಿಂದ ಡಾಕ್ಟರ ಮುಂದೆ ಏನು, ಎಷ್ಟು, ಎಷ್ಟು ವರ್ಷದಿಂದ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಕಳ್ಳು ಎಂಬ ಮಾತು ಬಿಡಬಾರದು.

ಇಲ್ಲಿ ನಿಮ್ಮ ಕೆಲಸ ಬರುತ್ತದೆ. ನಮ್ಮ ಹಿರಿಯರು ಮನೆಯಲ್ಲಿ ಕನ್ನಡದವರು. ಆಸ್ಪತ್ರೆಯ ಚೀಟಿ, ನರ್ಸಿನ ಪ್ರಶ್ನೆ, ಔಷಧದ ಲೆಕ್ಕ ಎಲ್ಲ ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ. ನಾಚಿಕೆಯ ವಿಷಯವನ್ನು ಬಾರದ ಭಾಷೆಯಲ್ಲಿ ಹೇಳುವುದು ಎಷ್ಟು ಕಷ್ಟ! ತೆಲುಗು ಮಾಧ್ಯಮದಲ್ಲಿ ಓದಿದ ನೀವು ಪಕ್ಕದಲ್ಲಿ ಕೂತರೆ ಅರ್ಧ ಭಾರ ಇಳಿಯುತ್ತದೆ. ಅಲ್ಲಿ ಕೇಳಿದ್ದನ್ನು ಊರಲ್ಲಿ ಆಡಬೇಡಿ, ಅಷ್ಟೇ.

ಆಸ್ಪತ್ರೆಯಿಂದ ಬಂದ ಮೇಲೆ ಸಂಜೆ ಆರರಿಂದ ಒಂಬತ್ತರವರೆಗಿನ ಹೊತ್ತೇ ಕಠಿಣ. ತಾಂಡೂರಿನ ಕಲ್ಲು ಪಾಲಿಶ್ ಕೆಲಸದವರಿಗೆ, ಕಬ್ಬು ಕಡಿಯುವವರಿಗೆ ಮೈಕೈ ನೋವು ನೆನಪಾಗುವುದು ಆಗಲೇ, ಹಳೆಯ ಗೆಳೆಯರು ಬೈಕ್ ನಿಲ್ಲಿಸಿ ಕರೆಯುವುದೂ ಆಗಲೇ. ‘ಕಾಕಾ, ಚಾ ಕುಡಿಯೂನು ಬರ್ರಿ’ ಎಂದು ನೀವು ಮೊದಲೇ ಹೋಗಿ ಕೂತಿರಿ. ಬೈಬಲ್ ತೆರೆಯಲೇಬೇಕೆಂದಿಲ್ಲ. ಕ್ರಿಕೆಟ್ ನೋಡಿ, ತೊಗರಿಯ ರೇಟಿನ ಬಗ್ಗೆ ಮಾತಾಡಿ. ‘ಇಷ್ಟು ವರ್ಷ ಹೆಂಡತಿ ಮಕ್ಕಳನ್ನು ಎಷ್ಟು ಗೋಳಾಡಿಸಿದಿರಿ’ ಎನ್ನುವ ಮಾತು ಈ ವಾರ ಬೇಡ. ಅದು ನಿಜವೇ ಇರಬಹುದು. ಹಾಗೆಯೇ ಹೆಂಡತಿಗೂ ‘ಈಗ ಕ್ಷಮಿಸಿಬಿಡಮ್ಮ’ ಎಂದು ಒತ್ತಾಯಿಸಬೇಡಿ. ಆಕೆ ನಂಬಲು ಆಕೆಗೂ ಕಾಲ ಬೇಕು.

ಕಳ್ಳು ಬಿಡಲು ಹೆಣಗುವ ಅವ್ವಂದಿರೂ ಇದ್ದಾರೆ. ಅವರಿಗಾಗಿ ಯಾರೂ ಪೀಠದ ಮುಂದೆ ಪ್ರಾರ್ಥಿಸುವುದಿಲ್ಲ, ಆಸ್ಪತ್ರೆಗೂ ಕರೆದೊಯ್ಯುವುದಿಲ್ಲ. ನಮ್ಮ ಯುವತಿಯರು ಆ ಮನೆಗಳಿಗೆ ಹೋಗಬೇಕು. ಇನ್ನೊಂದು ಮಾತು: ಕುಡಿತ ಬಿಡಿಸುವ ಪುಡಿ, ಮಾತ್ರೆ ಎಂದು ಗೊತ್ತಾಗದಂತೆ ಊಟದಲ್ಲಿ ಬೆರೆಸುವುದನ್ನು ದಯವಿಟ್ಟು ನಿಲ್ಲಿಸಿ. ಅಂಥ ಕೆಲವು ಔಷಧದ ಮೇಲೆ ಕುಡಿದರೆ ಪ್ರಾಣಕ್ಕೇ ಅಪಾಯ.

ಪೂಜ್ಯ ಮ್ಯಾಟ್ ಟಾಲ್ಬಟ್ ಹೆಸರು ಕೆಲವರು ಕೇಳಿರಬಹುದು. ಐರ್ಲೆಂಡಿನ ಡಬ್ಲಿನ್‌ನ ಕೂಲಿಕಾರ, 1856ರಲ್ಲಿ ಹುಟ್ಟಿದವನು, ಹುಡುಗನಿದ್ದಾಗಲೇ ಕುಡಿತಕ್ಕೆ ಬಿದ್ದವನು. ಒಂದು ದಿನ ಕೈಯಲ್ಲಿ ಕಾಸಿಲ್ಲದೆ ಅಂಗಡಿಯ ಹೊರಗೆ ನಿಂತಾಗ, ತಾನು ಎಷ್ಟೋ ಸಲ ಕುಡಿಸಿದ್ದ ಗೆಳೆಯರು ಮಾತಾಡಿಸದೆ ಹೋದರು. 1884ರಲ್ಲಿ, 28ನೇ ವಯಸ್ಸಿನಲ್ಲಿ ಪ್ರತಿಜ್ಞೆ ತೆಗೆದುಕೊಂಡ. ನನಗೆ ಬಹಳ ಹಿಡಿಸುವ ಸಂಗತಿ ಏನೆಂದರೆ, ಆ ಪ್ರತಿಜ್ಞೆ ಇಡೀ ಜೀವಮಾನಕ್ಕಲ್ಲ, ಬರೀ ಮೂರು ತಿಂಗಳಿಗೆ. ಅದು ಮುಗಿದ ಮೇಲೆ ಮತ್ತೆ ತೆಗೆದುಕೊಂಡ, ಆಮೇಲೆ ಜೀವಮಾನಕ್ಕೆ. ಜೇಬಿನಲ್ಲಿ ದುಡ್ಡಿಟ್ಟುಕೊಂಡು ಓಡಾಡುವುದನ್ನೇ ಬಿಟ್ಟ. 1925ರಲ್ಲಿ ಪೂಜೆಗೆ ಹೋಗುವ ದಾರಿಯಲ್ಲಿ ಸಾಯುವವರೆಗೆ ಮತ್ತೆ ಕುಡಿಯಲಿಲ್ಲ. ನಾವಾದರೋ ಮೊದಲ ದಿನವೇ ‘ಸಾಯುವವರೆಗೆ’ ಎಂದು ಆಣೆ ಹಾಕಿಸುತ್ತೇವೆ. ಒಂದು ಸಂಜೆ ಜಾರಿದರೆ ‘ದೇವರಿಗೇ ಮೋಸ ಮಾಡಿದ’ ಎನ್ನುತ್ತೇವೆ. ಆಮೇಲೆ ಆತ ದೇವಾಲಯದ ಕಡೆ ತಲೆ ಹಾಕುವುದಿಲ್ಲ. ಜಾರಿದವರ ಮನೆಗೆ ಮರುದಿನವೂ ಅದೇ ಹೊತ್ತಿಗೆ ಹೋಗಿ, ಅದೇ ಚಹಾ ಕುಡಿಯಿರಿ.

ಮದುವೆಯ ದಾವತ್ತಿನ ಬಗ್ಗೆ ಬೇರೆಯೇ ಬರೆಯಬೇಕು. ಬಿಟ್ಟು ಹತ್ತು ದಿನವೂ ಆಗದವರನ್ನು ‘ಬರೀ ಊಟಕ್ಕೆ’ ಎಂದು ಅಲ್ಲಿಗೆ ಎಳೆಯುವ ನೆಂಟರಿಗೆ ನೀವೇ ಅಡ್ಡ ನಿಲ್ಲಿ.

ಯುವಕ ಸಂಘದ ಮುಂದಿನ ಸಭೆಯಲ್ಲಿ ನನ್ನದು ಒಂದೇ ಬೇಡಿಕೆ. ಯಾರಾದರೂ ಪ್ರತಿಜ್ಞೆ ಮಾಡಿದ ದಿನವೇ ಮೂವರ ಹೆಸರು ಬರೆದುಕೊಳ್ಳೋಣ. ಮುಂಜಾನೆ ಒಬ್ಬರು, ಸಂಜೆ ಒಬ್ಬರು, ಆಸ್ಪತ್ರೆಗೆ ಗಾಡಿಯೊಂದಿಗೆ ಒಬ್ಬರು. ಹತ್ತು ದಿನ. ಫಿಟ್ಸ್ ಬಂದರೆ, ಮಾತು ತಪ್ಪಿದರೆ ಕಾಯದೆ 108ಕ್ಕೆ ಕರೆ ಮಾಡಿ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಹಗಲಿರುಳೂ ಉಚಿತ, ಕನ್ನಡ ತೆಲುಗು ಎರಡರಲ್ಲೂ ಮಾತಾಡಬಹುದು. ಎರಡೂ ನಂಬರನ್ನು ಆ ಮನೆಯ ಗೋಡೆಗೆ ದೊಡ್ಡಕ್ಷರದಲ್ಲಿ ಅಂಟಿಸಿ ಬನ್ನಿ.