ಗಾಜಿನ ಪೆಟ್ಟಿಗೆಯೊಳಗೆ ಮಳೆಗಾಲ

"ನಿಮ್ಮೂರು ಕೊಟ್ಟಿಗೆಹಾರ ಅಲ್ವಾ ಗುರೂ? ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆಯೋ ಒದ್ದೆ. ಹಾವು ಸಾಕೋಕೆ ಹೇಳಿ ಮಾಡಿಸಿದ ಜಾಗ!" ಅಂದ ಆಫೀಸಿನ ಗೆಳೆಯ. ಬೆಂಗಳೂರಿನ ಫ್ಲಾಟಿನಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಅವನದೊಂದು ಬಾಲ್ ಪೈಥಾನ್ ಇದೆ. ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತೆ, ಅದಕ್ಕೇ ಆ ಹೆಸರು. ಕಾಗದಪತ್ರ ಎಲ್ಲಾ ಸರಿಯಾಗಿದೆ, ನೋಂದಣಿಯೂ ಆಗಿದೆ. ಆದರೆ ಪೊರೆ ಒಂದೇ ತುಂಡಾಗಿ ಕಳಚುವ ಬದಲು ಚೂರು ಚೂರಾಗಿ ಬರ್ತಿದೆ. ತೇವಾಂಶ ಸಾಲುತ್ತಿಲ್ಲ ಅನ್ನೋದು ಅವನ ಕಷ್ಟ. ವರ್ಕ್ ಫ್ರಮ್ ಹೋಮ್ ನೆಪದಲ್ಲಿ ಮಳೆಗಾಲಕ್ಕೆ ನಮ್ಮೂರಿನ ಕಡೆ ಒಂದು ಮನೆ ಹಿಡಿದರೆ ಹಾವಿನ ಸಮಸ್ಯೆಯೂ ಮುಗಿಯುತ್ತೆ, ನೀರುದೋಸೆಯೂ ಸಿಗುತ್ತೆ ಅನ್ನೋದು ಅವನ ಲೆಕ್ಕ :-)

ನೀರುದೋಸೆ ವಿಷಯದಲ್ಲಿ ಅವನು ಹೇಳಿದ್ದು ಸರಿ. ಹಾವಿನ ವಿಷಯದಲ್ಲಿ ಪೂರ್ತಿ ತಪ್ಪು. ಇದನ್ನು ಅವನೊಬ್ಬನಿಗೆ ಹೇಳಿ ಬಿಡೋದಕ್ಕಿಂತ ಇಲ್ಲಿ ಬರೆಯೋಣ ಅನ್ನಿಸಿತು. ಯಾಕಂದ್ರೆ ಈ ಯೋಚನೆ ಅವನೊಬ್ಬನದಲ್ಲ. ಹೋಂಸ್ಟೇ ಅಂಗಳದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಹಾವಿದ್ದರೆ ಬಂದವರಿಗೆ ಖುಷಿ ಆಗುತ್ತೆ ಅಂತ ಮಾತಾಡುವವರನ್ನು ಊರಲ್ಲೂ ಕೇಳಿದ್ದೇನೆ.

ಮೊದಲು ಸ್ವಲ್ಪ ಲೆಕ್ಕ. ಹೈಗ್ರೋಮೀಟರ್ ತೋರಿಸುವ ಶೇಕಡಾ ಅಂಕಿ, ಗಾಳಿಯಲ್ಲಿ ಎಷ್ಟು ನೀರಿದೆ ಅಂತ ಹೇಳೋದಿಲ್ಲ. ಆ ಬಿಸಿಯಲ್ಲಿ ಗಾಳಿ ಎಷ್ಟು ನೀರಾವಿ ಹಿಡಿಯಬಲ್ಲದೋ, ಅದರಲ್ಲಿ ಎಷ್ಟು ಪಾಲು ಇದೆ ಅಂತ ಹೇಳುತ್ತೆ. ಚಾರ್ಮಾಡಿ ಘಾಟಿಯ ಮಂಜು ಮನೆಯೊಳಗೇ ನುಗ್ಗುವ ಒಂದು ಜುಲೈ ದಿನ, 18 ಡಿಗ್ರಿ ಚಳಿ, ಶೇ. 90 ತೇವ ಅಂತ ಇಟ್ಟುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 14 ಗ್ರಾಂ ನೀರಾವಿ ಇರುತ್ತೆ. ಈ ಹಾವಿಗೆ ಬಿಸಿ ಬೇಕು, ಹಾಗಾಗಿ ಪೆಟ್ಟಿಗೆಗೆ ದೀಪ ಹಾಕಿ 30 ಡಿಗ್ರಿಗೆ ಏರಿಸುತ್ತೀರಿ. 30 ಡಿಗ್ರಿಯ ಗಾಳಿ ಸುಮಾರು 30 ಗ್ರಾಂ ಹಿಡಿಯಬಲ್ಲದು. ನೀರು ಅಷ್ಟೇ ಇದ್ದರೂ ಮೀಟರ್ ಈಗ ಶೇ. 46ರ ಆಸುಪಾಸಿಗೆ ಇಳಿಯುತ್ತೆ. ಬಾಲ್ ಪೈಥಾನಿಗೆ ಬೇಕಾದದ್ದು ಶೇ. 60ರ ಹತ್ತಿರ, ಪೊರೆ ಬಿಡುವ ಹೊತ್ತಿಗೆ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ಹೊರಗೆ ಧೋ ಅಂತ ಮಳೆ ಸುರಿಯುವಾಗಲೂ ಪೆಟ್ಟಿಗೆಯೊಳಗೆ ಬೇಸಿಗೆ!

ಸರಿ, ನೀರು ಚಿಮುಕಿಸಿ ಶೇ. 60 ಮಾಡಿದಿರಿ ಅನ್ನಿ. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗೋದು ಅಂದ್ರೆ ಏನು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಲೈನಿನ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಪೆಟ್ಟಿಗೆ ತಣ್ಣಗಾಗುತ್ತೆ, ಆ ಗಾಳಿಗೆ ನೀರಾವಿ ಹಿಡಿಯೋಕಾಗಲ್ಲ, ಗಾಜಿನ ಮೇಲೆ ಹನಿ ಕಟ್ಟಿ ಕೆಳಗಿಳಿಯುತ್ತೆ. ಹಾವು ಚಳಿಯಲ್ಲಿ, ಒದ್ದೆ ಹಾಸಿನ ಮೇಲೆ. ಹೊಟ್ಟೆಯ ಹುರುಪೆ ಕೊಳೆಯೋದು, ಉಸಿರಾಟದ ಸೋಂಕಾಗಿ ಬಾಯಿ ತೆರೆದು ಗೊರ ಗೊರ ಅನ್ನೋದು, ಎರಡೂ ಶುರುವಾಗೋದು ಇಂಥ ಕಡೆಯೇ. ಒಣ ಗಾಳಿ ಪೊರೆ ಕೆಡಿಸಿದರೆ ಚಳಿ-ಒದ್ದೆ ಜೀವವನ್ನೇ ತೆಗೆಯಬಹುದು.

ಹಾಗಾದರೆ ಕಾಡಿನಲ್ಲಿ ಹಾವು ಹೇಗೆ ಬದುಕುತ್ತೆ? ಅಲ್ಲಿ ಅದಕ್ಕೆ ಯಾರೂ ಶೇ. 60 ಇಟ್ಟು ಕೊಡೋದಿಲ್ಲ. ಆದರೆ ಓಡಾಡಲು ಜಾಗ ಇದೆ. ಬಾಲ್ ಪೈಥಾನಿನ ಹುಲ್ಲುಗಾವಲಿನಲ್ಲಿ ಒಣ ಗಾಳಿ ಬೀಸುವ ದಿನಗಳಿವೆ. ಆಗ ಅದು ಇಲಿಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಇರುತ್ತೆ, ಒಳಗೆ ತಂಪು, ತೇವ. ನಮ್ಮ ಹಾವುಗಳೂ ಹುತ್ತ ಸೇರೋದು ಸುಮ್ಮನೆ ಅಲ್ಲ. ಕಾಳಿಂಗ ಸರ್ಪವಂತೂ ಇನ್ನೂ ಜಾಣ. ಹೆಣ್ಣು ಕಾಳಿಂಗ ಮಳೆಗಾಲಕ್ಕೆ ಮುಂಚೆ ಮೈಯಿಂದಲೇ ತರಗೆಲೆ ಗುಡ್ಡೆ ಹಾಕಿ ಗೂಡು ಮಾಡಿ ಮೊಟ್ಟೆ ಇಡುತ್ತೆ. ಮೇಲೆ ಮಳೆ ಹೊಡೆದರೂ ನೀರು ಎಲೆಗಳ ಮೇಲೆ ಜಾರಿ ಹೋಗುತ್ತೆ, ಮೊಟ್ಟೆ ಇರುವ ನಡುಭಾಗ ಬೆಚ್ಚಗೆ ಉಳಿಯುತ್ತೆ. ಥರ್ಮೋಸ್ಟಾಟ್ ಇಲ್ಲ, ಮಿಸ್ಟರ್ ಇಲ್ಲ! ಅಂದಹಾಗೆ, 2024ರಲ್ಲಿ ಗೌರಿ ಶಂಕರ್ ಮತ್ತು ಸಂಗಡಿಗ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಪ್ರಭೇದ ಅಂತ ತೋರಿಸಿ ಅದಕ್ಕೆ 'ಒಫಿಯೊಫೇಗಸ್ ಕಾಳಿಂಗ' ಅಂತ ಹೆಸರಿಟ್ಟರು. ನಮ್ಮ ಪದ ಈಗ ವಿಜ್ಞಾನದ ಪದ.

ಹಾಗಾಗಿ ಈಗಾಗಲೇ ಹಾವು ಇಟ್ಟುಕೊಂಡಿರುವವರಿಗೆ ನನ್ನ ಮಾತು ಇಷ್ಟೇ: ಅಂಕಿಯ ಹಿಂದೆ ಬೀಳಬೇಡಿ, ಹಾವಿಗೆ ಆಯ್ಕೆ ಕೊಡಿ. ಒಂದು ತುದಿ ಬೆಚ್ಚಗೆ, ಒಂದು ತುದಿ ತಂಪು. ತೆಂಗಿನ ನಾರಿನ ಪುಡಿಯನ್ನು ದಪ್ಪಗೆ ಹಾಸಿ, ಮೂಲೆಗಳಲ್ಲಿ ನೀರು ಸುರಿಯಿರಿ. ಅಡಿ ತೇವವಾಗಿ ಮೇಲ್ಪದರ ಒಣಗಿರಲಿ. ಒದ್ದೆ ಪಾಚಿ ತುಂಬಿದ ಒಂದು ಅಡಗುತಾಣ ಇಡಿ, ಬೇಕಾದಾಗ ಅದೇ ಹೋಗಿ ಕೂರುತ್ತೆ. ಮೇಲಿನ ಜಾಲರಿಯನ್ನು ಅರ್ಧ ಮುಚ್ಚಿ, ಪೂರ್ತಿ ಮುಚ್ಚಬೇಡಿ. ಕಾಫಿ ಬೆಳೆಯುವವರಿಗೆ ಇದು ಗೊತ್ತು: ಕೊಳೆರೋಗ ಬರೋದು ಮಳೆಯ ಜೊತೆ ಗಾಳಿಯಾಡದೆ ಇದ್ದಾಗ. ಅದಕ್ಕೇ ತಾನೆ ಮರಗಸಿ ಮಾಡಿಸೋದು? ಮುಳ್ಳಿನ ಅಗ್ಗದ ಮೀಟರ್ ನಂಬಬೇಡಿ. ಡಿಜಿಟಲ್ ಮೀಟರನ್ನೂ ಪರೀಕ್ಷಿಸಿ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ನೀರು ಹಾಕಿ ಗಟ್ಟಿ ಕಲಸಿ, ಮೀಟರ್ ಜೊತೆ ಬಿಗಿಯಾದ ಡಬ್ಬದಲ್ಲಿ ಒಂದು ದಿನ ಇಡಿ. ಶೇ. 75 ತೋರಿಸಬೇಕು. ತೋರಿಸದಿದ್ದರೆ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲಿನ ಪಾರದರ್ಶಕ ಪೊರೆಯೂ ಕಳಚಬೇಕು. ಅದು ಅಂಟಿಕೊಂಡರೆ ಚಿಮಟ ಹಿಡಿದು ಕೀಳಬೇಡಿ, ಹಾವು ಬಲ್ಲ ಪಶುವೈದ್ಯರ ಹತ್ತಿರ ಹೋಗಿ.

ಇನ್ನು ಇಟ್ಟುಕೊಳ್ಳಬೇಕು ಅಂತಿರುವವರಿಗೆ: ಬೇಡ. ಕೇರೆ, ನಾಗರ, ಹೆಬ್ಬಾವು, ಕಾಳಿಂಗಗಳನ್ನು ಹಿಡಿದು ಪೆಟ್ಟಿಗೆಯಲ್ಲಿಡೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ತೋಟದಲ್ಲೇ ಸಿಕ್ಕಿದ್ದಾದರೂ ಸರಿ. ವಿದೇಶಿ ಹಾವುಗಳಿಗೂ ಈಗ ನೋಂದಣಿ ನಿಯಮ ಇದೆ. ಹಾಗಿದ್ದೂ 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಲಗೇಜಿನೊಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸಿಕ್ಕಿದವು. ಜೊತೆಗಿದ್ದ 6 ಕೋತಿಗಳು ಸತ್ತೇ ಹೋಗಿದ್ದವು. ಬೇಡಿಕೆ ಇರೋದಕ್ಕೇ ಈ ಸಾಗಾಟ. ಸಾಕಿ ಬೇಜಾರಾದವರು ತೋಟದಂಚಿಗೆ ಬಿಟ್ಟರೆ ಏನಾಗಬಹುದು ಅನ್ನೋದಕ್ಕೆ ಅಮೆರಿಕದ ಫ್ಲೋರಿಡಾ ನೋಡಿ, ಅಲ್ಲಿನ ಜೌಗು ಕಾಡಲ್ಲಿ ಬರ್ಮಾ ಹೆಬ್ಬಾವುಗಳು ಇವತ್ತಿಗೂ ತಲೆನೋವು.

ತೇಜಸ್ವಿಯವರ 'ಕರ್ವಾಲೊ' (1980) ಓದಿದವರಿಗೆ ಕೊನೆ ನೆನಪಿದ್ದೀತು. ಅಷ್ಟು ಜನ ಅಷ್ಟು ದೂರ ಕಾಡು ಅಲೆದರೂ ಹಾರುವ ಓತಿ ಕೈಗೆ ಸಿಗೋದಿಲ್ಲ. ಅದನ್ನು ಓದಿ ಮುಗಿಸಿದಾಗ ನನಗೆ ನಿರಾಶೆ ಆಗಲಿಲ್ಲ, ಒಂಥರಾ ನೆಮ್ಮದಿ ಆಯ್ತು. ನಿಮಗೂ ಹಾಗೇ ಆಗಿರಬಹುದು.

ಕೊಟ್ಟಿಗೆಹಾರದ ಹೋಂಸ್ಟೇಯವರಿಗೆ ಕೊನೆಯ ಮಾತು. ಬಂದವರನ್ನು ಒಂದು ಹುತ್ತದ ಹತ್ತಿರ ಕರ್ಕೊಂಡು ಹೋಗಿ, ದೂರದಲ್ಲೇ ನಿಲ್ಲಿಸಿ, ಒಳಗೆ ಯಾಕೆ ತಂಪು ಅಂತ ಹೇಳಿ. ಹಾವು ಕಂಡರೆ ಅದೃಷ್ಟ, ಕಾಣದಿದ್ದರೆ ಅದು ಬೆಚ್ಚಗಿದೆ ಅಂತ ಅರ್ಥ. ಪೆಟ್ಟಿಗೆಗೆ ಕೊಡುವ ದುಡ್ಡಿನಲ್ಲಿ ಮಳೆಗಾಲಕ್ಕೆ ಒಂದು ಒಳ್ಳೆ ಇನ್ವರ್ಟರ್ ಹಾಕಿಸಿಕೊಳ್ಳಿ, ಬಂದವರಿಗೂ ಉಪಯೋಗ.