ಓದಿನ ಒತ್ತಡಕ್ಕೆ ‘ಪಾಸಿಟಿವ್ ಆಗಿ ಯೋಚಿಸು’ ಎಂಬುದೇ ಮದ್ದೇ?

ಪರೀಕ್ಷೆ ಹತ್ತಿರ ಬಂದಂತೆ ಕೆಲವರಿಗೆ ನಿದ್ದೆ ಬಾರದು, ಪುಸ್ತಕ ತೆರೆದರೂ ಏನೂ ತಲೆಗೆ ಹತ್ತದು. ಆಗ ಮನೆಯಲ್ಲೂ ಹಾಸ್ಟೆಲ್‌ನಲ್ಲೂ ಸಿಗುವ ಸಲಹೆ ಒಂದೇ: “ಪಾಸಿಟಿವ್ ಆಗಿ ಯೋಚಿಸು, ಎಲ್ಲ ಸರಿಹೋಗುತ್ತೆ.” ಕಾಗ್ನಿಟಿವ್ ಥೆರಪಿ, ಅಂದರೆ ಅರಿವಿನ ಚಿಕಿತ್ಸೆಯೂ ಇಷ್ಟೇ ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು ಕಲ್ಪನೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಈ ಚಿಕಿತ್ಸೆಯನ್ನು ರೂಪಿಸಿದರು. ಖಿನ್ನತೆ ಇರುವವರಲ್ಲಿ ತಮ್ಮನ್ನೇ ಹಳಿಯುವ ಯೋಚನೆಗಳು ತಾವಾಗಿಯೇ ಮೂಡುವುದನ್ನು ಅವರು ಗಮನಿಸಿದರು. ಇಂಥ ಯೋಚನೆಗಳನ್ನು ನಾವು ಪರಿಶೀಲಿಸದೆ ನಂಬಿಬಿಡುತ್ತೇವೆ.

ಒಂದು ಉದಾಹರಣೆ ನೋಡೋಣ. ಇಂಟರ್ನಲ್ಸ್‌ನಲ್ಲಿ 20ಕ್ಕೆ 8 ಅಂಕ ಬಂತು. ‘ನಾನು ಫೇಲ್ ಆಗುವುದು ಖಂಡಿತ’ ಎಂಬ ಯೋಚನೆ ಬಂತು. ಭಯದಿಂದ ಆ ವಿಷಯದ ಪುಸ್ತಕವನ್ನೇ ಮುಟ್ಟಲಿಲ್ಲ. ಓದದ ಕಾರಣ ಮುಂದಿನ ಟೆಸ್ಟ್‌ನಲ್ಲೂ ಅಂಕ ಕಡಿಮೆಯಾಯಿತು. ಈಗ ಮೊದಲ ಯೋಚನೆಯೇ ನಿಜವೆನಿಸುತ್ತದೆ!

ಚಿಕಿತ್ಸೆ ಈ ಸರಪಳಿಯನ್ನು ಬಿಡಿಸುತ್ತದೆ. ಏನಾಯಿತು, ಆಗ ಬಂದ ಯೋಚನೆ ಏನು, ಹೇಗನಿಸಿತು ಎಂಬುದನ್ನು ವಿದ್ಯಾರ್ಥಿ ಬರೆದಿಡುತ್ತಾರೆ. ಆ ಯೋಚನೆಗೆ ಪುರಾವೆ ಏನಿದೆ, ವಿರುದ್ಧ ಏನಿದೆ ಎಂದು ಆಪ್ತಸಮಾಲೋಚಕರ ಜೊತೆ ನೋಡುತ್ತಾರೆ. ಕೊನೆಗೆ ಸಿಗುವುದು ‘ನಾನೇ ಫಸ್ಟ್ ಬರುತ್ತೇನೆ’ ಎಂಬ ಸಮಾಧಾನವಲ್ಲ. ‘ಎರಡು ಯೂನಿಟ್ ಅರ್ಥವಾಗಿಲ್ಲ, ಓದಲು ಇನ್ನೂ ಸಮಯವಿದೆ’ ಎಂಬ ವಾಸ್ತವದ ಮಾತು. ನಂತರ ಒಂದು ಸಣ್ಣ ಪ್ರಯೋಗ: ಇಂದು ಬರೀ 20 ನಿಮಿಷ ಆ ಯೂನಿಟ್ ಓದಿ, ಅಂದುಕೊಂಡಷ್ಟು ಕಷ್ಟವಾಯಿತೇ ಎಂದು ನೋಡುವುದು.

ಈ ವಿಧಾನದಿಂದ ಪರೀಕ್ಷಾ ಭಯ ಮತ್ತು ಆತಂಕ ತಗ್ಗುತ್ತವೆ ಎಂಬುದಕ್ಕೆ ಸಾಕಷ್ಟು ಅಧ್ಯಯನಗಳ ಬೆಂಬಲವಿದೆ. ಆದರೆ ಇದು ಒಂದೇ ದಿನದಲ್ಲಿ ಆಗುವ ಕೆಲಸವಲ್ಲ, ಕೆಲವು ವಾರಗಳ ಅಭ್ಯಾಸ ಬೇಕು. ಫೀಸ್ ಕಟ್ಟಲಾಗದ ಕಷ್ಟ, ರ‍್ಯಾಗಿಂಗ್, ಜಾತಿಯ ಅವಮಾನ ಇವು ‘ತಪ್ಪು ಯೋಚನೆ’ಗಳೂ ಅಲ್ಲ. ಅವನ್ನು ಕಾಲೇಜೇ ಸರಿಪಡಿಸಬೇಕು. ವಿದ್ಯಾರ್ಥಿಯ ಮನಸ್ಸನ್ನು ತಿದ್ದಿದರೆ ಸಾಲದು.

ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.