ಡಬ್ಬಿಯ ಬೀಗದ ಕೈ ಯಾರ ಕೈಯಲ್ಲಿದೆ?



ಕಳೆದ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ಓರ್ವ ತಾಯಿ ನನ್ನ ಬಳಿಗೆ ಬಂದು ಮಗನ ಟಿ.ಸಿ. ಕೇಳಿದರು. ಐದನೆಯ ತರಗತಿಯ ಚುರುಕಿನ ಹುಡುಗ. ಕಾರಣವೇನೆಂದು ಕೇಳಿದೆ. "ಟೀಚರೇ, ಮನೆಯ ವೈಫೈ ಡಬ್ಬಿ ನಿಂತು ಹನ್ನೊಂದು ದಿನ ಆಯಿತು. ಕಂಪೆನಿಗೆ ಫೋನ್ ಮಾಡಿದರೆ ಅವರು ಹೇಳಿದ್ದು ನಮಗೆ ತಿಳಿಯುವುದಿಲ್ಲ, ನಾವು ಹೇಳಿದ್ದು ಅವರಿಗೆ ತಿಳಿಯುವುದಿಲ್ಲ. ನಾವು ಕನ್ನಡದಲ್ಲಿ ಕಲಿತು ಹೀಗಾದೆವು. ಇವನಾದರೂ ಇಂಗ್ಲಿಷ್ ಮೀಡಿಯಂನಲ್ಲಿ ಕಲಿಯಲಿ" ಎಂದರು.

ಅಂದು ಸಂಜೆ ನಾನು ಅವರ ಮನೆಗೆ ಹೋದೆ. ಡಬ್ಬಿ ಕೆಟ್ಟಿರಲಿಲ್ಲ. ಯಾರೋ ಫೋನಿನಲ್ಲಿ ಹೇಳಿದರೆಂದು ಹುಡುಗ ಅದರ ಹಿಂಬದಿಯ ಸಣ್ಣ ತೂತಿಗೆ ಸೂಜಿ ಚುಚ್ಚಿ ಹಿಡಿದಿದ್ದ. ಅದರೊಂದಿಗೆ ಒಳಗಿದ್ದ ಬಳಕೆದಾರರ ಹೆಸರು, ಗುಪ್ತಪದ ಎಲ್ಲವೂ ಅಳಿಸಿಹೋಗಿದ್ದವು. ಜೋಡಿಸಲು ಬಂದಾತ ಅವನ್ನು ಮನೆಯವರಿಗೆ ಬರೆದು ಕೊಟ್ಟಿರಲೇ ಇಲ್ಲ. ಕಂಪೆನಿಗೆ ಫೋನ್ ಮಾಡಿ ಅವೆರಡನ್ನೂ ಕೇಳಿ ಬರೆದುಕೊಂಡೆ. ನಾನು ಓದಿ ಹೇಳಿದೆ, ಆ ತಾಯಿಯೇ ತಮ್ಮ ಮೊಬೈಲಿನಲ್ಲಿ ಒತ್ತಿದರು. ಹದಿನೈದು ನಿಮಿಷಗಳಲ್ಲಿ ಹಸಿರು ದೀಪ ಹತ್ತಿತು.

ಈಗ ನಿಮ್ಮನ್ನೇ ಕೇಳುತ್ತೇನೆ. ಆ ಮನೆಯಲ್ಲಿ ಕೊರತೆಯಾದದ್ದು ಇಂಗ್ಲಿಷೋ? ಅಲ್ಲ, ತಿಳಿಯುವ ಭಾಷೆಯಲ್ಲಿ ಹೇಳಿಕೊಡುವ ಒಬ್ಬ ಮನುಷ್ಯನೋ?

'ಕಂಪ್ಯೂಟರಿಗೆ ಇಂಗ್ಲಿಷ್ ಬೇಕು, ಆದ್ದರಿಂದ ಶಾಲೆಯೂ ಇಂಗ್ಲಿಷಿನದ್ದೇ ಬೇಕು' ಎಂಬ ಮಾತು ಗಡಿನಾಡಿನ ಮನೆ ಮನೆಗಳಲ್ಲಿ ಇಂದು ಮಂತ್ರದಂತೆ ಜಪಿಸಲ್ಪಡುತ್ತಿದೆ. ಕಾಸರಗೋಡಿನಲ್ಲಿ ಕೇಳುವ ಈ ಮಾತು ತಾಳವಾಡಿಯಲ್ಲಿಯೂ ಅಕ್ಕಲಕೋಟೆಯಲ್ಲಿಯೂ ಕೇಳದೆ ಇರಲಾರದು. ಇದು ಹಸಿ ಸುಳ್ಳು. ಡಬ್ಬಿಯ ಪುಟದಲ್ಲಿ ಬರುವ 'ಪಿಪಿಪಿಓಇ', 'ವ್ಯಾನ್', 'ಎಸ್‌ಎಸ್‌ಐಡಿ' ಎಂಬ ಅಕ್ಷರಗಳನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗುವಿನ ಮುಂದಿಡಿ. ಅದಕ್ಕೂ ಅರ್ಥವಾಗದು, ಯಾಕೆಂದರೆ ಅವು ಇಂಗ್ಲಿಷೇ ಅಲ್ಲ, ಕೆಲಸದ ಹೆಸರುಗಳು. ಮಗ್ಗದ ಲಾಳಿ, ಗಾಣದ ಕಣೆ ಎಂದರೆ ಹೇಗೋ ಹಾಗೆ. ಯಾರಾದರೂ ತೋರಿಸಿ ಹೇಳಿದರೆ ಒಂದು ಸಂಜೆಗೆ ಬರುತ್ತವೆ. ಹಾಗೆ ಹೇಳುವುದಕ್ಕೆ ತಾಯಿನುಡಿಗಿಂತ ಹತ್ತಿರದ ದಾರಿ ಯಾವುದಿದೆ? ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಯಲಿ. ಆದರೆ ಒಂದು ಡಬ್ಬಿಗೆ ಹೆದರಿ ಮಗುವಿನ ಮಾಧ್ಯಮವನ್ನೇ ಬದಲಿಸುವುದು, ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟಂತೆ.

ಮಾತು ಸಾಕು. ಕೆಲಸ ಎಷ್ಟು ಕಷ್ಟವೆಂದು ನೀವೇ ನೋಡಿ. ಅಂದು ಆ ತಾಯಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲು ದೀಪಗಳನ್ನು ಓದಲು ಕಲಿಯಿರಿ. ಈಗ ಹೆಚ್ಚಿನ ಮನೆಗಳಿಗೆ ಬರುವುದು ಗಾಜಿನ ಎಳೆಯ ತಂತಿ, ಅಂದರೆ ಫೈಬರ್. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಆದ್ದರಿಂದ ಅದನ್ನು ಚೂಪಾಗಿ ಮಡಚಬಾರದು, ಬಿಚ್ಚಿದ ತುದಿಯೊಳಗೆ ಕಣ್ಣಿಟ್ಟು ನೋಡಬಾರದು. ಡಬ್ಬಿಯ ಮೇಲೆ 'ಪಾನ್' ಎಂಬ ದೀಪ ಅಲುಗಾಡದೆ ಉರಿಯುತ್ತಿದ್ದರೆ ಬೆಳಕು ಸರಿಯಾಗಿ ಬರುತ್ತಿದೆ ಎಂದರ್ಥ. 'ಎಲ್‌ಓಎಸ್' ಎಂಬಲ್ಲಿ ಕೆಂಪು ದೀಪ ಬಂದರೆ ಬೆಳಕು ಡಬ್ಬಿಯನ್ನು ಮುಟ್ಟುತ್ತಿಲ್ಲ. ತಂತಿ ಎಲ್ಲೋ ತುಂಡಾಗಿದೆ, ಇಲ್ಲವೆ ಸಡಿಲಾಗಿದೆ. ಆಗ ಡಬ್ಬಿಯನ್ನು ನೂರು ಸಲ ಆರಿಸಿ ಹಚ್ಚಿದರೂ ಫಲವಿಲ್ಲ. 'ಎಲ್‌ಓಎಸ್ ಕೆಂಪಾಗಿದೆ' ಎಂಬ ಒಂದೇ ಮಾತನ್ನು ಕಂಪೆನಿಗೆ ಹೇಳಿ. ಭಾಷೆ ಯಾವುದಾದರೂ ಈ ಮಾತು ಅವರಿಗೆ ತಿಳಿಯುತ್ತದೆ.

ಎರಡನೆಯದು, ಡಬ್ಬಿಯ ಜಾಗ. ನಮ್ಮ ಕಡೆಯ ಹಳೆ ಮನೆಗಳ ಗೋಡೆ ದಪ್ಪ ಮುರಕಲ್ಲಿನದ್ದು. ವೈಫೈಗೆ ಎರಡು ಬಗೆಯ ಅಲೆಗಳಿವೆ. 5 ಗಿಗಾಹರ್ಟ್ಸಿನದ್ದು ವೇಗ, ಆದರೆ ಗೋಡೆ ದಾಟಲು ಸೋಲುತ್ತದೆ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತದೆ. ಮಗು ಓದುವ ಕೋಣೆ ಎರಡು ಗೋಡೆಗಳ ಆಚೆಗಿದ್ದರೆ 2.4ನ್ನೇ ಆರಿಸಿ. ಡಬ್ಬಿಯನ್ನು ಕಪಾಟಿನೊಳಗೆ, ಟಿ.ವಿ.ಯ ಹಿಂದೆ, ಮನೆಯ ಮೂಲೆಯಲ್ಲಿ ಇಡಬೇಡಿ. ಮನೆಯ ನಡುವೆ, ಆಳೆತ್ತರದಲ್ಲಿ ಇಡಿ. ಗುಡುಗು ಕೇಳಿದೊಡನೆ ಪ್ಲಗ್ ಕಿತ್ತುಬಿಡಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದಿದ್ದರೂ ಕರೆಂಟಿನ ತಂತಿಯಲ್ಲಿ ಹರಿಯುತ್ತದೆ. ಹಳೆಯ ಟೆಲಿಫೋನ್ ತಂತಿಯ ಜೋಡಣೆಯಾದರೆ ಆ ತಂತಿಯನ್ನೂ ಕೀಳಬೇಕು.

ಮೂರನೆಯದು, ಡಬ್ಬಿಯ ಒಳಕ್ಕೆ ಹೋಗುವ ದಾರಿ. ಮೊಬೈಲನ್ನು ಮನೆಯ ವೈಫೈಗೆ ಜೋಡಿಸಿ, ಬ್ರೌಸರಿನ ಮೇಲ್ಭಾಗದಲ್ಲಿ 192.168.1.1 ಎಂದು ಒತ್ತಿ. ಕೆಲವು ಡಬ್ಬಿಗಳಲ್ಲಿ ಅದು 192.168.0.1 ಆಗಿರಬಹುದು. ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಇದಕ್ಕೆ ಇಂಟರ್ನೆಟ್ ಬೇಕಾಗಿಲ್ಲ, ಇದು ನಿಮ್ಮ ಮನೆಯೊಳಗಿನ ವಿಳಾಸ. ಅಲ್ಲಿ ಕೇಳುವ ಹೆಸರು ಮತ್ತು ಗುಪ್ತಪದವೂ ಅದೇ ಚೀಟಿಯಲ್ಲಿ ಇರುವುದು ರೂಢಿ. ಒಳಗೆ ಹೋದ ಕೂಡಲೇ ಮಾಡಬೇಕಾದ ಕೆಲಸ, ಆ ಗುಪ್ತಪದವನ್ನು ಬದಲಿಸುವುದು. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ಲೋಕದಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರುಗಳ ಒಳಹೊಕ್ಕದ್ದು ಯಾವ ಜಾಣತನದಿಂದಲೂ ಅಲ್ಲ. ಕಾರ್ಖಾನೆಯವರು ಇಟ್ಟ ಅರುವತ್ತರಷ್ಟು ಹೆಸರು-ಗುಪ್ತಪದಗಳ ಪಟ್ಟಿಯನ್ನು ಒಂದೊಂದಾಗಿ ಪ್ರಯತ್ನಿಸಿ ಅದು ನುಗ್ಗಿತು. ಹೊಸ ಬಾಗಿಲಿಗೆ ಊರಿಗೆಲ್ಲ ತಿಳಿದ ಬೀಗ ಹಾಕಿದರೆ ಕಳ್ಳನಿಗೇನು ಕಷ್ಟ?

ನಾಲ್ಕನೆಯದು, 'ವ್ಯಾನ್' ಎಂಬ ಪುಟ. ಹೊರಗಿನ ತಂತಿಗೂ ನಿಮ್ಮ ಮನೆಗೂ ನಂಟು ಆಗುವುದು ಇಲ್ಲಿ. ಹಲವು ಜೋಡಣೆಗಳಲ್ಲಿ 'ಪಿಪಿಪಿಓಇ' ಎಂದಿದ್ದು, ಕಂಪೆನಿ ಕೊಟ್ಟ ಬಳಕೆದಾರರ ಹೆಸರು ಮತ್ತು ಗುಪ್ತಪದ ಅಲ್ಲಿರುತ್ತವೆ. ಇವನ್ನು ಬದಲಿಸಬೇಡಿ. ಆ ಪುಟದ ಫೋಟೋ ತೆಗೆದಿಡಿ. ಗುಪ್ತಪದದ ಜಾಗದಲ್ಲಿ ಬರೀ ಚುಕ್ಕೆಗಳೇ ಕಾಣುವುದರಿಂದ ಎರಡನ್ನೂ ಕಂಪೆನಿಯಿಂದ ಕೇಳಿ ಪಡಿತರ ಚೀಟಿ ಇಡುವಲ್ಲೇ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಮೇಲೆ ಹೇಳಿದ ಮನೆಯಲ್ಲಿ ಹನ್ನೊಂದು ದಿನ ಹಾಳಾದದ್ದು ಈ ಎರಡು ಸಾಲು ಇಲ್ಲದ್ದರಿಂದ. ಸೂಜಿಯ ತೂತಿನ ತಂಟೆಗೆ ಮಕ್ಕಳು ಹೋಗದಂತೆ ಹೇಳಿಡಿ.

ಐದನೆಯದು, ವೈಫೈಯ ಹೆಸರು ಮತ್ತು ಗುಪ್ತಪದ. ಭದ್ರತೆಯ ಜಾಗದಲ್ಲಿ 'ಡಬ್ಲ್ಯುಪಿಎ2' ಅಥವಾ 'ಡಬ್ಲ್ಯುಪಿಎ3' ಇರಲಿ. ಗುಪ್ತಪದ ಎಂಟರಿಂದ ಅರುವತ್ತಮೂರು ಅಕ್ಷರಗಳವರೆಗೆ ಇರಬಹುದು, ರೋಮನ್ ಲಿಪಿಯಲ್ಲೇ ಇರಬೇಕು. ಮೊಬೈಲ್ ನಂಬರು, ಮಗುವಿನ ಹೆಸರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ರೋಮನ್ ಅಕ್ಷರಗಳಲ್ಲಿ ಒಟ್ಟಿಗೆ ಬರೆಯಿರಿ: ಕಡೆಗೋಲು, ಜಾತ್ರೆ, ಹಲಸು, ಸೀಮೆಸುಣ್ಣ ಎಂಬಂತೆ. ಇದನ್ನೇ ನಕಲು ಮಾಡಬೇಡಿ, ನಿಮ್ಮದನ್ನು ನೀವೇ ಕಟ್ಟಿ. ಹೆಸರನ್ನಾದರೆ ಕನ್ನಡ ಲಿಪಿಯಲ್ಲೇ ಇಡಲು ಪ್ರಯತ್ನಿಸಬಹುದು. ಅದಕ್ಕಿರುವ ಜಾಗ 32 ಬೈಟು. ರೋಮನ್ ಅಕ್ಷರವೊಂದಕ್ಕೆ ಒಂದು ಬೈಟು ಸಾಕು. ಕನ್ನಡದ ಅಕ್ಷರಕ್ಕೂ ಗುಣಿತದ ಗುರುತಿಗೂ ಒತ್ತಿನ ಗುರುತಿಗೂ ತಲಾ ಮೂರು ಬೇಕು. 'ಕನ್ನಡ ಮನೆ' ಎಂಬುದಕ್ಕೆ 25 ಸಾಕಾಗುತ್ತದೆ. ಕೆಲವು ಡಬ್ಬಿಗಳು ಕನ್ನಡ ಲಿಪಿಯನ್ನು ಒಪ್ಪುವುದಿಲ್ಲ. ಒಪ್ಪದಿದ್ದರೆ ಕಂಪೆನಿಗೆ ದೂರು ಬರೆಯಿರಿ, ಸುಮ್ಮನಿರಬೇಡಿ.

ಕೊನೆಯದಾಗಿ ಮೂರು ಸಣ್ಣ ಕೆಲಸ. ಗುಂಡಿ ಒತ್ತಿ ಜೋಡಿಸುವ 'ಡಬ್ಲ್ಯುಪಿಎಸ್' ಆರಿಸಿ. ಹೊರಗಿನಿಂದ ಡಬ್ಬಿಯನ್ನು ಆಳುವ 'ರಿಮೋಟ್ ಮ್ಯಾನೇಜ್‌ಮೆಂಟ್' ಆರಿಸಿ. ಬಂದುಹೋಗುವವರಿಗೆ 'ಗೆಸ್ಟ್' ಎಂಬ ಬೇರೆ ಹೆಸರು ತೆರೆದು ಕೊಡಿ. ನೆರೆಯವರ ಮೇಲೆ ಅಪನಂಬಿಕೆಯಿಂದ ಹೇಳುವುದಲ್ಲ. ನಿಮ್ಮ ಜೋಡಣೆಯಲ್ಲಿ ಯಾರು ಏನು ಮಾಡಿದರೂ ಮೊದಲು ವಿಚಾರಿಸುವುದು ಬಿಲ್ಲು ಯಾರ ಹೆಸರಲ್ಲಿದೆಯೋ ಅವರನ್ನು. ರಾತ್ರಿ ಇಂತಿಷ್ಟು ಗಂಟೆಗೆ ಮಗುವಿನ ಮೊಬೈಲಿಗೆ ಇಂಟರ್ನೆಟ್ ನಿಲ್ಲುವಂತೆ ಮಾಡುವ ಏರ್ಪಾಡೂ ಅನೇಕ ಡಬ್ಬಿಗಳಲ್ಲಿದೆ. ಮಗುವಿಗೆ ತಿಳಿಸಿಯೇ ಅದನ್ನು ಬಳಸಿ.

ಇಷ್ಟೇ! ಇದರಲ್ಲಿ ಓದಲೇಬೇಕಾದ ಇಂಗ್ಲಿಷ್ ಪದ ಹತ್ತೋ ಹನ್ನೆರಡೋ. ಅದೂ ತೊಡಕಾದರೆ ಮನೆಯ ಇನ್ನೊಂದು ಮೊಬೈಲಿನಲ್ಲಿ ಗೂಗಲ್ ಲೆನ್ಸ್ ತೆರೆದು ಪರದೆಗೆ ಹಿಡಿದರೆ ಕನ್ನಡದಲ್ಲಿ ತೋರಿಸುತ್ತದೆ. ಅನುವಾದ ಕೆಲವೊಮ್ಮೆ ನಗೆ ಬರಿಸಿದರೂ ಕೆಲಸಕ್ಕೆ ಸಾಕು.

'ಪಾಠ ಶಾಲೆಯಲ್ಲಿ ನಡೆಯುತ್ತದಲ್ಲ, ಈ ಡಬ್ಬಿಯ ಗೊಡವೆ ಟೀಚರಿಗೆ ಯಾಕೆ?' ಎಂದು ಯಾರಾದರೂ ಕೇಳಬಹುದು. 2020ನ್ನು ಮರೆತಿರಾ? ಆ ವರ್ಷ ಜೂನ್ 1ರಂದು ಕೇರಳದಲ್ಲಿ ಕೈಟ್ ವಿಕ್ಟರ್ಸ್ ವಾಹಿನಿಯ 'ಫಸ್ಟ್ ಬೆಲ್' ಪಾಠಗಳು ಆರಂಭವಾದಾಗ, ಮಲಯಾಳ ಮಾಧ್ಯಮದ ಮಗುವಿಗೆ ಮನೆಯ ಟಿ.ವಿ. ಸಾಕಾಗಿತ್ತು. ನಮ್ಮ ಕನ್ನಡದ ಮಕ್ಕಳು ತಮ್ಮ ಭಾಷೆಯ ಪಾಠಕ್ಕೆ ಹೆಚ್ಚಾಗಿ ಅಂತರ್ಜಾಲವನ್ನೇ ನೆಚ್ಚಬೇಕಾಯಿತು. ಹೆಚ್ಚು ಜನರ ಭಾಷೆ ಹೆದ್ದಾರಿಯಲ್ಲಿ ಬರುತ್ತದೆ, ಕಡಿಮೆ ಜನರ ಭಾಷೆ ಕಾಲುದಾರಿಯಲ್ಲಿ ಬರುತ್ತದೆ. ಇಂದಿಗೂ ಕನ್ನಡದ ನಿಘಂಟು, ವಿಶ್ವಕೋಶ, 'ಸಮಗ್ರ' ಜಾಲತಾಣದ ಕನ್ನಡ ಪಠ್ಯಪುಸ್ತಕ ಗಡಿ ದಾಟಿ ನಮ್ಮ ಮಕ್ಕಳನ್ನು ಮುಟ್ಟುವುದು ಈ ತಂತಿಯಿಂದ. ಬಹುಸಂಖ್ಯಾತರ ಮನೆಯಲ್ಲಿ ಅದು ಅನುಕೂಲ, ನಮ್ಮ ಮನೆಯಲ್ಲಿ ಅದು ಶಾಲೆಯ ಇನ್ನೊಂದು ಗೋಡೆ.

ಹಕ್ಕಿನ ಮಾತೂ ಇದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ಶ್ರಮಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ರಾಜ್ಯಗಳಿಗೆ ಹೇಳುತ್ತಿದೆ. ಅಂತರ್ಜಾಲದ ಬಳಕೆ ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳ ಉಚ್ಚ ನ್ಯಾಯಾಲಯ 2019ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿದೆ. ಈ ಎರಡನ್ನೂ ಒಟ್ಟಿಗೆ ಓದಿರಿ. ಮಾತೃಭಾಷೆಯ ಶಿಕ್ಷಣವೂ ನಮ್ಮದು, ಅದು ಬರುವ ತಂತಿಯೂ ನಮ್ಮದು ಎಂದಾದ ಮೇಲೆ, ಆ ತಂತಿಯ ಬಗೆಗಿನ ಮಾಹಿತಿ ಮಾತ್ರ ಯಾಕೆ ಪರಭಾಷೆಯಲ್ಲಿ?

ಆದ್ದರಿಂದ ನಾವು ಕೇಳಬೇಕಾದದ್ದು ಮೂರು. ಕನ್ನಡಿಗರು ತಲೆಮಾರುಗಳಿಂದ ನೆಲೆಸಿದ ಪ್ರದೇಶಗಳಲ್ಲಿ ಪ್ರತಿ ಹೊಸ ಜೋಡಣೆಯೊಂದಿಗೆ ಒಂದು ಹಾಳೆಯ ಕನ್ನಡ ಕೈಪಿಡಿ ಕೊಡಬೇಕು. ಸಹಾಯವಾಣಿಯಲ್ಲಿ ಕನ್ನಡವನ್ನು ಆರಿಸುವ ಅವಕಾಶ ಇರಬೇಕು. ಬಳಕೆದಾರರ ಹೆಸರು, ಗುಪ್ತಪದಗಳನ್ನು ಬರೆದುಕೊಟ್ಟು ಸಹಿ ಪಡೆದ ಮೇಲೆಯೇ ಜೋಡಿಸುವವನು ಮನೆ ಬಿಡಬೇಕು. ಕರ್ನಾಟಕದ ಒಳಗಿನ ಗ್ರಾಹಕನಿಗೆ ಕನ್ನಡದಲ್ಲಿ ಉತ್ತರಿಸುವ ಕಂಪೆನಿಗೆ ಗಡಿಯ ಈಚೆ ಕನ್ನಡ ಮರೆತುಹೋಗುವುದೇ? ನಮ್ಮ ಹಣವನ್ನಂತೂ ಅದು ಮರೆಯುವುದಿಲ್ಲ!

ಆದರೆ ಅವರು ಕೊಡುವವರೆಗೆ ಕೈಕಟ್ಟಿ ಕೂರಬೇಡಿ. ನಿಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದಲ್ಲಿ ಒಂದು ಶನಿವಾರದ ಸಂಜೆ ಇದಕ್ಕಾಗಿ ಇಡಿ. ಶಾಲೆಯ ಡಬ್ಬಿಯನ್ನೇ ಮೇಜಿನ ಮೇಲಿಟ್ಟು ಹಳೆಯ ವಿದ್ಯಾರ್ಥಿಯೊಬ್ಬನಿಂದ ಕನ್ನಡದಲ್ಲಿ ಹೇಳಿಸಿ. ಗಂಡಸರು ನಿಂತು ನೋಡಲಿ, ತಾಯಂದಿರು ಒತ್ತಲಿ. ಮಗುವಿನ ಮುಂದೆ ಅಮ್ಮ ಇದನ್ನು ಕನ್ನಡದಲ್ಲಿ ತಿಳಿದು ಮಾಡಿದರೆ, ಕನ್ನಡದಲ್ಲಿ ಯಾವುದನ್ನೂ ಕಲಿಯಬಹುದೆಂದು ಆ ಮಗುವಿಗೆ ಯಾವ ಭಾಷಣವೂ ಬೇಕಾಗುವುದಿಲ್ಲ.

ಆ ಹುಡುಗ ಈಗಲೂ ನಮ್ಮ ಶಾಲೆಯಲ್ಲೇ ಇದ್ದಾನೆ. ಅದೇ ಜೂನಿನಲ್ಲಿ ಬೇರೆ ಇಬ್ಬರು ಟಿ.ಸಿ. ಪಡೆದು ಹೋದರು. ಅವರ ಮನೆಗಳ ಕಷ್ಟ ಏನೆಂದು ನನಗೆ ತಿಳಿಯುವಾಗ ತಡವಾಗಿತ್ತು. ನಿಮ್ಮ ಮನೆಯ ವಿಷಯದಲ್ಲಿ ಹಾಗಾಗದಿರಲಿ. ಟಿ.ಸಿ. ಕೇಳುವ ಮೊದಲು ಒಮ್ಮೆ ಡಬ್ಬಿಯನ್ನು ತಿರುಗಿಸಿ ತಳದ ಚೀಟಿಯನ್ನು ಓದಿ. ತಿಳಿಯದಿದ್ದರೆ ನಿಮ್ಮ ಶಾಲೆಯ ಕನ್ನಡ ಟೀಚರನ್ನು ಕರೆಯಿರಿ. ಬರುತ್ತೇವೆ.

— ಕಾಸರಗೋಡಿನ ಓರ್ವ ಕನ್ನಡ ಅಧ್ಯಾಪಿಕೆ